ಇನ್ನೂರು ಜನರ ಊಟ, ಮೂಟೆಗಟ್ಟಲೆ ಕಸವಿಲ್ಲದೆ

ಛತ್ರದ ಊಟದಲ್ಲಿ ಹಸಿ ಕಸ, ಒಣ ಕಸ ಬೆರೆತುಹೋಗುವುದು ಟೇಬಲ್ ಮೇಲೆ. ಪಂಕ್ತಿ ಏಳುತ್ತಿದ್ದಂತೆ ಹಾಸಿದ ಪೇಪರ್ ರೋಲನ್ನು ಒಂದು ತುದಿಯಿಂದ ಸುತ್ತಿಕೊಂಡು ಬರುತ್ತಾರೆ. ಎಂಜಲೆಲೆ, ಅರ್ಧ ಕುಡಿದ ಬಾಟಲಿ, ಐಸ್‌ಕ್ರೀಂ ಕಪ್ಪು, ಬೀಡಾ ಕಡ್ಡಿ ಎಲ್ಲ ಸೇರಿ ಒಂದೇ ಉಂಡೆ. ಅದನ್ನು ಬಿಡಿಸಿ ಬೇರೆ ಮಾಡಬೇಕಾದವರು ಪೌರಕಾರ್ಮಿಕರು. ಉಂಡವರ ಹೊಣೆ ಅವರ ತಲೆಗೆ ಬೀಳಬಾರದೆಂದರೆ ಅಡುಗೆಯವರಿಗೆ ಮುಂಗಡ ಕೊಡುವ ದಿನವೇ ಮಾತು ಮುಗಿಸಬೇಕು.

ಪೇಪರ್ ಹಾಸುವುದು ಬೇಡ. ಟೇಬಲ್ ಒರೆಸಿ ನೇರ ಬಾಳೆಎಲೆ. ಐಸ್‌ಕ್ರೀಂ ಬದಲು ಸ್ಟೀಲ್ ಬಟ್ಟಲಲ್ಲಿ ಪಾಯಸ. ಬೀಡಾಕ್ಕೆ ಲವಂಗ ಚುಚ್ಚಿದರೆ ಸಾಕು. ಪೇಪರ್ ಕಪ್ಪಿನ ಒಳಗೆ ಪ್ಲಾಸ್ಟಿಕ್ ಲೇಪ ಇರುತ್ತದೆ, ಅದೂ ಬೇಡ. 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧವಾದ ವಸ್ತುಗಳಲ್ಲಿ ಪ್ಲಾಸ್ಟಿಕ್ ಲೋಟ, ತಟ್ಟೆ ಇವೆ, ನೀರಿನ ಬಾಟಲಿ ಇಲ್ಲ. ಕಾನೂನು ಬಿಟ್ಟಿದೆಯೆಂದು ನಾವು ತರಿಸಬೇಕೆಂದೇನೂ ಇಲ್ಲವಲ್ಲ!

200 ಜನ ಮೂರು ಪಂಕ್ತಿಯಲ್ಲಿ ಕೂತರೆ ನಾವು ಇಡುವ ಲೆಕ್ಕ: ಪಂಕ್ತಿಗೆ 70 ಲೋಟ, ತೊಳೆಯುವಷ್ಟರಲ್ಲಿ ಬದಲಿಗೆ ಇನ್ನೂ 70, ಓಡಾಡುವವರಿಗೆ 30. ಕಾಫಿಗೆ ಬೇರೆ 100 ಸಣ್ಣ ಲೋಟ. ಬಡಾವಣೆಯಲ್ಲಿ ತಟ್ಟೆ-ಲೋಟ ಎರವಲು ಕೊಡುವ ಬ್ಯಾಂಕ್ ಇಲ್ಲದಿದ್ದರೆ ಶಾಮಿಯಾನದವರ ಹತ್ತಿರ ಬಾಡಿಗೆಗೆ ಸಿಗುತ್ತವೆ. ಕುಡಿಯಲು 20 ಲೀಟರಿನ 6 ಕ್ಯಾನ್. ಜಗ್ಗು ಹಿಡಿದು ಇಬ್ಬರು ಸುತ್ತುತ್ತಲೇ ಇರಬೇಕು. ನೀರು ತಡವಾದರೆ ನೆಂಟರು ಬಾಟಲಿ ಕೇಳುತ್ತಾರೆ, ಯಾರೋ ಅಂಗಡಿಗೆ ಓಡುತ್ತಾರೆ.

ತೊಳೆಯಲು ಮೂರು ಟಬ್ಬು: ಎಂಜಲು ತೆಗೆಯಲು ಒಂದು, ಸೋಪಿಗೆ ಒಂದು, ಕೊನೆಗೆ ಬಿಸಿನೀರು. ಮೂರನೆಯದನ್ನು ಪ್ರತಿ ಪಂಕ್ತಿಗೂ ಬದಲಿಸದಿದ್ದರೆ ಲೋಟಕ್ಕೆ ಜಿಡ್ಡಿನ ವಾಸನೆ ಹತ್ತುತ್ತದೆ. ಇದಕ್ಕೆ ಇಬ್ಬರು ಬೇಕು, ಅವರ ಕೂಲಿ ಪ್ರತ್ಯೇಕ. ಅಲ್ಲಿ ಚೌಕಾಶಿ ಮಾಡಿದರೆ ಇಡೀ ವ್ಯವಸ್ಥೆ ಕುಸಿಯುತ್ತದೆ.

ಎತ್ತುವಾಗ ಮೊದಲು ಲೋಟ, ಬಟ್ಟಲು, ಆಮೇಲೆ ಎಲೆ. ಕ್ರಮ ತಪ್ಪಿದರೆ ಲೋಟ ಎಲೆಯೊಳಗೆ ಸೇರಿ ಕಾಣೆಯಾಗುತ್ತದೆ.

ತಾಂಬೂಲಕ್ಕೆ ಅಂಗಡಿಯವರು 'ಬಟ್ಟೆ ಚೀಲ' ಎಂದು ಕೊಡುವುದರಲ್ಲಿ ಬಹಳಷ್ಟು ಪ್ಲಾಸ್ಟಿಕ್ ನಾರಿನವು. ಅಂಚಿಗೆ ಬೆಂಕಿ ತೋರಿಸಿ: ಹತ್ತಿ ಬೂದಿಯಾಗುತ್ತದೆ, ಇದು ಕರಗಿ ಉಂಡೆಗಟ್ಟುತ್ತದೆ.

ಉಳಿದ ಅನ್ನವನ್ನೆಲ್ಲ ಹಸುವಿಗೆ ಸುರಿಯಬೇಡಿ. ಹೆಚ್ಚಾದರೆ ಹೊಟ್ಟೆಯಲ್ಲಿ ಹುಳಿಯೆದ್ದು ಜೀವಕ್ಕೇ ಅಪಾಯ. ಎಲೆಗಳನ್ನು ಕತ್ತರಿಸಿಯೇ ಗೊಬ್ಬರದ ಗುಂಡಿಗೆ ಹಾಕಿ, ಒಂದು ಬುಟ್ಟಿಗೆ ಎರಡು ಬುಟ್ಟಿ ತರಗೆಲೆ. ಇಡಿಯಾಗಿ ಹಾಕಿದರೆ ಒಂದರ ಮೇಲೊಂದು ಅಂಟಿ, ಗಾಳಿಯಾಡದೆ ನಾರುತ್ತವೆ.