ಮಲಾವಿಯಲ್ಲಿ ಹಸಿವಿನ ತಿಂಗಳುಗಳು: ಮಗುವಿನ ತೋಳು ಅಳೆಯುವುದು ಹೇಗೆ

ಆಫ್ರಿಕಾದ ಮಲಾವಿ ದೇಶದ ದಕ್ಷಿಣ ಭಾಗದ ಚಿಕ್ವಾವ ಜಿಲ್ಲೆಯಲ್ಲಿ ನಾನು ನರ್ಸ್. ಇಲ್ಲಿಗೆ ಸ್ವಯಂಸೇವಕರಾಗಿ ಬರುವವರಿಗೆ ನಾನು ಮೊದಲು ಕಲಿಸುವುದು ತೋಳುಪಟ್ಟಿ, ಅಂದರೆ ಮಗು ಸೊರಗಿದೆಯಾ ಎಂದು ತೋಳಿನ ಸುತ್ತಳತೆಯಿಂದ ತಿಳಿಸುವ ಬಣ್ಣದ ಪಟ್ಟಿ ಹಿಡಿಯುವುದನ್ನು. ಜನವರಿಯಿಂದ ಮಾರ್ಚ್‌ವರೆಗೆ ಮನೆಗಳ ಕಣಜ ಖಾಲಿ. ಹೊಸ ಮೆಕ್ಕೆಜೋಳ ಕೈಗೆ ಬರಲು ಏಪ್ರಿಲ್ ಆಗಬೇಕು. ಮಳೆ, ಸೊಳ್ಳೆ, ಮಲೇರಿಯಾ ಎಲ್ಲವೂ ಇದೇ ಹೊತ್ತಿಗೆ ಬರುತ್ತವೆ. ಜ್ವರ ಬಂದ ಮಗು ಇದ್ದ ಊಟವನ್ನೂ ಬಿಡುತ್ತದೆ.

ಮೊದಲು ಊರಿನ ಮುಖ್ಯಸ್ಥರನ್ನು, ಅಂದರೆ ಮ್ಫುಮುವನ್ನು ಕಂಡು ಹೇಳಿ. ಆ ಊರಿನ ಸರ್ಕಾರಿ ಆರೋಗ್ಯ ಕಾರ್ಯಕರ್ತರನ್ನು ಜೊತೆಗೆ ಕರೆದುಕೊಳ್ಳಿ. ಬೆಳಕು ಹರಿಯುವಷ್ಟರಲ್ಲೇ ಹೋಗಿ. ತಡವಾದರೆ ತಾಯಂದಿರು ಗನ್ಯುಗೆ, ಅಂದರೆ ಬೇರೆಯವರ ಹೊಲಕ್ಕೆ ಕೂಲಿಗೆ ಹೋಗಿಬಿಡುತ್ತಾರೆ. ಒಂದು ಕಡೆ ಕೂತು ಮಕ್ಕಳನ್ನು ಕರೆಸಬೇಡಿ, ಮನೆ ಮನೆಗೂ ಹೋಗಿ. ಜಾಸ್ತಿ ಕಾಯಿಲೆ ಬಿದ್ದ ಮಗು ಒಳಗೆ ಮಲಗಿರುತ್ತದೆ, ಅಲ್ವಾ?

ಪಟ್ಟಿ ಇರುವುದು ಆರು ತಿಂಗಳು ತುಂಬಿದ, ಐದು ವರ್ಷದೊಳಗಿನ ಮಕ್ಕಳಿಗೆ. ಮಗು ತಾಯಿಯ ಮಡಿಲಲ್ಲೇ ಇರಲಿ. ಎಡ ತೋಳಿನ ಬಟ್ಟೆ ತೆಗೆಯಿರಿ. ಮೊಣಕೈ ಮಡಿಸಿ, ಭುಜದ ತುದಿಗೂ ಮೊಣಕೈ ತುದಿಗೂ ನಡುವಿನ ಜಾಗ ಗುರುತಿಸಿ. ಆಮೇಲೆ ಕೈ ಸಡಿಲವಾಗಿ ಇಳಿಬಿಡಿ, ಗುರುತಿನ ಮೇಲೆ ಪಟ್ಟಿ ಸುತ್ತಿ. ಚರ್ಮ ಸುಕ್ಕಾದರೆ ಬಿಗಿ ಜಾಸ್ತಿ, ಸಂದು ಕಂಡರೆ ಸಡಿಲ. ಅಳುವ ಮಗು ತೋಳು ಬಿಗಿ ಹಿಡಿಯುತ್ತದೆ, ಸ್ವಲ್ಪ ಕಾಯಿರಿ. 12.5 ಸೆಂಟಿಮೀಟರ್ ಮತ್ತು ಅದಕ್ಕಿಂತ ಮೇಲೆ ಹಸಿರು. 11.5ರಿಂದ 12.5ರೊಳಗೆ ಹಳದಿ. 11.5ಕ್ಕಿಂತ ಕಡಿಮೆ ಇದ್ದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ.

ಹಸಿರು ಕಂಡ ಕೂಡಲೇ ಮುಂದಿನ ಮನೆಗೆ ಹೊರಡಬೇಡಿ. ಎರಡೂ ಪಾದಗಳ ಮೇಲ್ಭಾಗವನ್ನು ಹೆಬ್ಬೆರಳಿನಿಂದ ಮೂರು ಸೆಕೆಂಡ್ ಒತ್ತಿ ಹಿಡಿಯಿರಿ. ಬೆರಳು ತೆಗೆದ ಮೇಲೂ ಎರಡೂ ಕಡೆ ಗುಳಿ ಉಳಿದರೆ ಪಟ್ಟಿಯ ಬಣ್ಣ ಯಾವುದೇ ಇರಲಿ, ಆ ಮಗುವಿನ ಸ್ಥಿತಿ ಗಂಭೀರ. ಇದು ಕ್ವಾಶಿಯೋರ್ಕರ್, ಅಂದರೆ ಮೈ ಊದಿಕೊಳ್ಳುವ ತೀವ್ರ ಅಪೌಷ್ಟಿಕತೆ. ನ್ಸಿಮಾ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಬಿಟ್ಟು ಬೇರೇನೂ ಸಿಗದ ಕಡೆ ಇದು ಜಾಸ್ತಿ. ಕೆನ್ನೆ ಊದಿಕೊಂಡು ಮಗು ಗುಂಡಗೆ ಕಾಣುತ್ತದೆ. ತಾಯಿ ಖುಷಿಯಲ್ಲೇ ತೋರಿಸುತ್ತಾಳೆ. ಅವಳನ್ನು ಗದರಬೇಡಿ. ಗುಳಿಯನ್ನು ಅವಳ ಬೆರಳಿನಿಂದಲೇ ಒತ್ತಿಸಿ ತೋರಿಸಿ. ಕೂದಲು ಬಣ್ಣಗೆಟ್ಟಿದೆಯಾ, ಚರ್ಮ ಸುಲಿಯುತ್ತಿದೆಯಾ, ಅದನ್ನೂ ನೋಡಿ.

ಕೆಂಪು ಅಥವಾ ಊತ ಇದ್ದರೆ ಅದೇ ದಿನ ಆರೋಗ್ಯ ಕೇಂದ್ರಕ್ಕೆ ಕಳಿಸಿ. ಅಳತೆಯನ್ನು ತಾಯಿಯ ಬಳಿ ಇರುವ ಮಗುವಿನ ಹೆಲ್ತ್ ಪಾಸ್‌ಪೋರ್ಟ್ ಪುಸ್ತಕದಲ್ಲಿ ಬರೆಯಿರಿ. ಜ್ವರ ಇದ್ದರೆ ಮಲೇರಿಯಾ ಪರೀಕ್ಷೆ ಆಗಲೇಬೇಕು. ಮಗು ಮಂಕಾಗಿದ್ದರೆ, ಎಲ್ಲವನ್ನೂ ವಾಂತಿ ಮಾಡುತ್ತಿದ್ದರೆ, ತಿನ್ನಲು ಒಪ್ಪದಿದ್ದರೆ ಆಸ್ಪತ್ರೆಗೆ ಸೇರಿಸಬೇಕು. ಚೆನ್ನಾಗಿ ತಿನ್ನುವ ಮಗುವಿಗೆ ಚಿಪೊಂಡೆ ಪೊಟ್ಟಣ ಕೊಟ್ಟು ಮನೆಗೆ ಕಳಿಸುತ್ತಾರೆ. ಕಡಲೆಕಾಯಿ, ಹಾಲಿನ ಪುಡಿ, ಎಣ್ಣೆ, ಸಕ್ಕರೆ, ಜೀವಸತ್ವ ಸೇರಿಸಿದ ಪೇಸ್ಟ್ ಅದು. 92 ಗ್ರಾಂ ಪೊಟ್ಟಣದಲ್ಲಿ 500 ಕಿಲೋಕ್ಯಾಲೊರಿ. ನೀರಿಗೆ ಕಲಸಬಾರದು, ಕುಡಿಯಲು ಬೇರೆ ಶುದ್ಧ ನೀರು ಕೊಡಬೇಕು. ಎದೆಹಾಲು ಕುಡಿಯುವ ಮಗುವಿಗೆ ಮೊದಲು ಎದೆಹಾಲು.

ಪೊಟ್ಟಣ ಅಣ್ಣ, ಅಕ್ಕಂದಿರಿಗೂ ಹಂಚಿಹೋಗುತ್ತದೆ. ಹಸಿದ ಮಕ್ಕಳ ಮುಂದೆ ಒಬ್ಬರಿಗೆ ಮಾತ್ರ ಕೊಡುವುದು ಯಾವ ತಾಯಿಗೂ ಸುಲಭ ಅಲ್ಲ. ‘ಹಂಚಬೇಡಿ’ ಅಂತ ಸುಮ್ನೆ ಹೇಳಿ ಬರುವುದನ್ನು ನಾನು ಒಪ್ಪುವುದಿಲ್ಲ. ಇದು ಔಷಧಿ ಅಂತ ಅಜ್ಜಿಗೂ ವಿವರಿಸಿ, ಮನೆಯ ಉಳಿದ ಚಿಕ್ಕ ಮಕ್ಕಳ ತೋಳನ್ನೂ ಅಲ್ಲೇ ಅಳೆಯಿರಿ. ಹೊರಡುವ ಮುಂಚೆ ತಾಯಿಗೆ ಒಂದು ಪಟ್ಟಿ ಕೊಟ್ಟು, ನಿಮ್ಮ ಮುಂದೆಯೇ ಅವಳಿಂದ ಅಳೆಸಿ. ಅವಳಿಗೆ ಓದು ಬರದಿದ್ದರೂ ಬಣ್ಣ ಗೊತ್ತಾಗುತ್ತದೆ.