ನಂದಿಯ ಮೆಟ್ಟಿಲುಗಳು ತಿದ್ದಿದ ಲೆಕ್ಕ

ನನಗೆ ನಲವತ್ತೊಂಬತ್ತು ತುಂಬಿದ ವರ್ಷ, ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.3 ಬಂತು. 6.5 ಮುಟ್ಟಿದರೆ ಅದನ್ನು ಮಧುಮೇಹ ಎಂದೇ ಕರೆಯುತ್ತಾರೆ. ಸೊಂಟದ ಸುತ್ತಳತೆ 98 ಸೆಂಟಿಮೀಟರ್ ಇತ್ತು. ನಮ್ಮ ದೇಶದ ಗಂಡಸರಿಗೆ ಅದು 90 ಮೀರಬಾರದು ಎಂದು ವೈದ್ಯರು ಹೇಳಿದರು. ರಕ್ತದೊತ್ತಡವನ್ನೂ ಹೃದಯವನ್ನೂ ಪರೀಕ್ಷಿಸಿ, ವ್ಯಾಯಾಮಕ್ಕೆ ಅಡ್ಡಿಯಿಲ್ಲ ಎಂದು ಕಳುಹಿಸಿದರು. ಚಿಕ್ಕಬಳ್ಳಾಪುರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡುವ ನಾನು ಅಲ್ಲಿಂದಾಚೆಗೆ ನಡೆದದ್ದನ್ನು ಬರೆದಿಡುತ್ತಿರುವುದಕ್ಕೆ ಕಾರಣವಿದೆ. ಮೊದಲ ಆರು ತಿಂಗಳು ನಾನು ಪಟ್ಟ ಶ್ರಮ ಸಣ್ಣದಾಗಿರಲಿಲ್ಲ, ಆದರೆ ಆ ಶ್ರಮವನ್ನು ಅಳೆಯಲು ಹಿಡಿದ ಅಳತೆಗಳೇ ತಪ್ಪಾಗಿದ್ದವು.

ಮೊದಲನೆಯ ತಪ್ಪು ಅಳತೆ ಬೆವರು. ಪ್ರತಿ ಭಾನುವಾರ ಸುಲ್ತಾನಪೇಟೆಯ ಕಡೆಯಿಂದ ಮೆಟ್ಟಿಲು ಹತ್ತಿ ನಂದಿಬೆಟ್ಟಕ್ಕೆ ಹೋಗುವುದನ್ನು ರೂಢಿ ಮಾಡಿಕೊಂಡೆ. ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳಿರುವ ಆ ಹಳೆಯ ದಾರಿ ದೇಹಕ್ಕೆ ಒಳ್ಳೆಯ ಕೆಲಸ ಕೊಡುತ್ತದೆ. ಹೆಚ್ಚು ಬೆವರಿದಷ್ಟೂ ಹೆಚ್ಚು ಬೊಜ್ಜು ಕರಗುತ್ತದೆ ಎಂಬ ನಂಬಿಕೆಯಲ್ಲಿ ಏಪ್ರಿಲ್ ತಿಂಗಳ ಒಂದು ದಿನ ಅಂಗಿಯ ಮೇಲೆ ಮಳೆಗಾಲದ ಪ್ಲಾಸ್ಟಿಕ್ ಜಾಕೆಟ್ ತೊಟ್ಟು ಹತ್ತಿದೆ. ಮುಕ್ಕಾಲು ದಾರಿಯಲ್ಲಿ ಕಣ್ಣು ಕತ್ತಲಿಟ್ಟು ಬಂಡೆಯೊಂದಕ್ಕೆ ಒರಗಿ ಕುಳಿತೆ. ಮನೆಗೆ ಬಂದು ತೂಗಿದಾಗ ಒಂದೂವರೆ ಕಿಲೋ ಇಳಿದಿತ್ತು. ನೀರು, ಮಜ್ಜಿಗೆ ಕುಡಿದು ಊಟ ಮಾಡಿದ ಮೇಲೆ, ಸಂಜೆಯ ಹೊತ್ತಿಗೆ ಅಷ್ಟೂ ತೂಕ ಮರಳಿತ್ತು. ಬೆವರೆಂದರೆ ದೇಹವು ತನ್ನನ್ನು ತಂಪು ಮಾಡಿಕೊಳ್ಳಲು ಹೊರಹಾಕುವ ನೀರು. ಕೊಬ್ಬು ಹೊರಹೋಗುವ ಹಾದಿ ಬಹುಮಟ್ಟಿಗೆ ಉಸಿರಾಟದ್ದು: ಹತ್ತು ಕಿಲೋ ಕೊಬ್ಬು ಪೂರ್ತಿಯಾಗಿ ಉರಿದರೆ ಅದರಲ್ಲಿ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿಯೂ 1.6 ಕಿಲೋ ನೀರಾಗಿಯೂ ದೇಹವನ್ನು ಬಿಡುತ್ತದೆ ಎಂಬ ಲೆಕ್ಕ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಗಿದೆ. ಉಸಿರಾಟದ ಸಮೀಕರಣವನ್ನು ಕಪ್ಪುಹಲಗೆಯ ಮೇಲೆ ಎಷ್ಟೋ ಸಲ ಬರೆದಿದ್ದ ನಾನು ಅದನ್ನು ನನ್ನ ಹೊಟ್ಟೆಗೆ ಅನ್ವಯಿಸಿ ನೋಡಿರಲಿಲ್ಲ.

ಎರಡನೆಯದು ನೋವು. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನೋವಿಲ್ಲದಿದ್ದರೆ ವ್ಯಾಯಾಮವೇ ಆಗಲಿಲ್ಲ ಎಂದು ನಂಬಿ ದೇಹವನ್ನು ಕೆಡಿಸಿಕೊಂಡವರನ್ನೂ, ನೋವಿಗೆ ಹೆದರಿ ಮೂರೇ ದಿನಕ್ಕೆ ಬಿಟ್ಟವರನ್ನೂ ನಾನು ಹತ್ತಿರದಿಂದ ಬಲ್ಲೆ. ಮೊದಲ ಸಲ ನಂದಿ ಹತ್ತಿಳಿದ ದಿನ ನನಗೆ ಏನೂ ಅನ್ನಿಸಿರಲಿಲ್ಲ. ಮಾರನೆಯ ದಿನ ತೊಡೆಯ ಮುಂಭಾಗ ಬಿಗಿಯಿತು. ಮಂಗಳವಾರ ಶಾಲೆಯ ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಾಯಿತು. ಲ್ಯಾಕ್ಟಿಕ್ ಆಮ್ಲ ಶೇಖರವಾಗಿ ಹೀಗಾಗುತ್ತದೆ ಎಂದು ನಾನೇ ಮಕ್ಕಳಿಗೆ ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೆ. ಆದರೆ ಶ್ರಮ ನಿಂತ ಸುಮಾರು ಒಂದು ಗಂಟೆಯೊಳಗೆ ರಕ್ತದಲ್ಲಿನ ಲ್ಯಾಕ್ಟೇಟ್ ಮೊದಲಿನ ಮಟ್ಟಕ್ಕೆ ಬಂದುಬಿಡುತ್ತದೆ. ಭಾನುವಾರದ ಲ್ಯಾಕ್ಟೇಟ್ ಮಂಗಳವಾರ ನೋವು ಕೊಡುವುದು ಸಾಧ್ಯವಿಲ್ಲ. ನೋವಿನ ಮೂಲ ಹತ್ತುವುದರಲ್ಲಿರದೆ ಇಳಿಯುವುದರಲ್ಲಿತ್ತು. ಇಳಿಯುವಾಗ ದೇಹದ ಭಾರವನ್ನು ತಡೆಯುವ ತೊಡೆಯ ಸ್ನಾಯುಗಳು ಬಿಗಿಹಿಡಿದಿರುವಾಗಲೇ ಉದ್ದವಾಗುತ್ತ ಹೋಗುತ್ತವೆ. ಅಭ್ಯಾಸವಿಲ್ಲದ ಸ್ನಾಯುವಿನ ಎಳೆಗಳಿಗೆ ಇದರಿಂದ ಅತಿ ಸೂಕ್ಷ್ಮವಾದ ಹಾನಿಯಾಗಿ, ಅಲ್ಲಿ ಉರಿಯೂತ ಉಂಟಾಗಿ, ಇಪ್ಪತ್ತನಾಲ್ಕರಿಂದ ಎಪ್ಪತ್ತೆರಡು ಗಂಟೆಗಳ ನಡುವೆ ನೋವು ತುತ್ತತುದಿ ಮುಟ್ಟುತ್ತದೆ.

ನಾಲ್ಕನೆಯ ಭಾನುವಾರದ ಹೊತ್ತಿಗೆ, ಮೆಟ್ಟಿಲುಗಳು ಅವೇ, ನನ್ನ ತೂಕವೂ ಹೆಚ್ಚುಕಡಿಮೆ ಅಷ್ಟೇ, ಆದರೆ ನೋವು ಮಾತ್ರ ಇರಲಿಲ್ಲ. ವ್ಯಾಯಾಮ ಕೆಲಸ ಮಾಡುತ್ತಿಲ್ಲವೆಂದು ಭಾವಿಸಿ ಆಗ ನಾನು ಎರಡು ಸಲ ಹತ್ತಿಳಿಯಲು ಹೊರಟಿದ್ದೆ. ವಾಸ್ತವದಲ್ಲಿ ಸ್ನಾಯು ಒಗ್ಗಿಕೊಂಡಿತ್ತು, ಅಂದರೆ ನಾನು ಬಯಸಿದ್ದೇ ನಡೆದಿತ್ತು. ಇದು ತಿಳಿದ ಮೇಲೆ ತರಗತಿಯಲ್ಲಿ ನನ್ನ ಹಳೆಯ ಮಾತನ್ನು ತಿದ್ದಿ ಹೇಳಿದೆ. ಒಂದು ಎಚ್ಚರಿಕೆಯನ್ನು ಮಾತ್ರ ಸೇರಿಸುತ್ತೇನೆ: ಸ್ನಾಯುವಿನ ಈ ಮಂದ ನೋವು ಬೇರೆ, ಕೀಲಿನೊಳಗೆ ಚುಚ್ಚಿದಂತಾಗುವ ನೋವು ಅಥವಾ ಎದೆಯ ಬಿಗಿತ ಬೇರೆ. ಎರಡನೆಯ ಬಗೆಯದನ್ನು ಸಹಿಸಿಕೊಂಡು ಮುಂದುವರಿಯಬಾರದು.

ಹೊಟ್ಟೆ ಕರಗಲು ಹೊಟ್ಟೆಯ ವ್ಯಾಯಾಮವನ್ನೇ ಮಾಡಬೇಕೆಂದು ಎರಡು ತಿಂಗಳು ದಿನಕ್ಕೆ ನೂರರಂತೆ ಮಲಗಿ ಎದ್ದೆ. ಹೊಟ್ಟೆಯ ಸ್ನಾಯು ಗಟ್ಟಿಯಾಯಿತೇ ಹೊರತು ಅಳತೆಪಟ್ಟಿ ಕದಲಲಿಲ್ಲ, ಏಕೆಂದರೆ ದೇಹ ಕೊಬ್ಬನ್ನು ತನಗೆ ಬೇಕಾದ ಕಡೆಯಿಂದ ತೆಗೆದುಕೊಳ್ಳುತ್ತದೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಸಂಖ್ಯೆಯೂ ವೈದ್ಯಕೀಯ ಸಂಶೋಧನೆಯಿಂದ ಹುಟ್ಟಿದ್ದಲ್ಲ; 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನವೊಂದರ ಹೆಸರಿನಿಂದ ಬಂದದ್ದು. ವಯಸ್ಸಾದ ಮಹಿಳೆಯರನ್ನು ಕುರಿತು 2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಸುಮಾರು 7,500 ಹೆಜ್ಜೆಗಳಾಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ. ನನ್ನ ಸಕ್ಕರೆಗೆ ಅನುಕೂಲವಾದದ್ದು ಊಟವಾದ ಮೇಲಿನ ಹದಿನೈದು ನಿಮಿಷದ ನಡಿಗೆ. ದುಡಿಯುತ್ತಿರುವ ಸ್ನಾಯು ಇನ್ಸುಲಿನ್ನಿಗೆ ಕಾಯದೆಯೂ ರಕ್ತದಿಂದ ಗ್ಲೂಕೋಸ್ ಎಳೆದುಕೊಳ್ಳಬಲ್ಲದು. ಮುದ್ದೆ ಆರೋಗ್ಯಕರವೆಂದು ಎರಡು ಮುದ್ದೆ ಉಣ್ಣುತ್ತಿದ್ದವನು ಒಂದಕ್ಕೆ ಇಳಿಸಿ ಬಸ್ಸಾರಿನ ಕಾಳು, ಸೊಪ್ಪನ್ನು ಹೆಚ್ಚಿಸಿದೆ. ತೂಕ ಇಳಿದದ್ದು ಮುಖ್ಯವಾಗಿ ಆ ಬದಲಾವಣೆಯಿಂದ.

ಇನ್ನೊಂದು ತಪ್ಪು ನನ್ನ ತಾಯಿಗೆ ಸಂಬಂಧಿಸಿದ್ದು, ಅದು ಇಂದಿಗೂ ನನ್ನನ್ನು ಕಾಡುತ್ತದೆ. ಐವತ್ತು ವರ್ಷ ಹಿಪ್ಪುನೇರಳೆ ತೋಟದಲ್ಲಿ ದುಡಿದ ಅವರಿಗೆ ಎಪ್ಪತ್ತಾರು. ನೆಲದಿಂದ ಏಳುವುದು ಕಷ್ಟವಾದಾಗ, ಈ ವಯಸ್ಸಿಗೆ ವಿಶ್ರಾಂತಿಯೇ ಔಷಧವೆಂದು ಕುರ್ಚಿ ಹಾಕಿ ಕೂರಿಸಿದವನು ನಾನೇ. ಒಂದೇ ವರ್ಷದಲ್ಲಿ ಅವರ ಮೀನಖಂಡಗಳು ಸೊರಗಿದವು. ಬಳಸದ ಸ್ನಾಯು ಕರಗುತ್ತದೆ, ಹಿಂದೆ ಎಷ್ಟೇ ದುಡಿದಿದ್ದರೂ ಆ ದುಡಿಮೆ ಠೇವಣಿಯಾಗಿ ಉಳಿಯುವುದಿಲ್ಲ. 1990ರಲ್ಲಿ ಅಮೆರಿಕದ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ, ತೊಂಬತ್ತರ ಆಸುಪಾಸಿನ ದುರ್ಬಲರಿಗೆ ಎಂಟು ವಾರ ಕಾಲುಗಳಿಗೆ ಭಾರದ ವ್ಯಾಯಾಮ ಕೊಟ್ಟಾಗ ಅದನ್ನು ಪೂರೈಸಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ 174 ಪ್ರತಿಶತ ಹೆಚ್ಚಿತ್ತು. ಇದನ್ನು ಓದಿದ ವಾರವೇ ವೈದ್ಯರನ್ನು ಕೇಳಿಕೊಂಡು ಆರಂಭಿಸಿದೆವು: ಕೈ ಊರದೆ ಕುರ್ಚಿಯಿಂದ ಐದು ಸಲ ಏಳುವುದು, ಬಾಗಿಲ ಚೌಕಟ್ಟು ಹಿಡಿದು ಹಿಮ್ಮಡಿ ಎತ್ತುವುದು, ವಾರಕ್ಕೆ ಮೂರು ದಿನ. ಐದು ಎಂಟಾಯಿತು, ಎಂಟು ಹನ್ನೆರಡಾಯಿತು. ನಾನೂ ಅವರ ಪಕ್ಕದಲ್ಲಿ ಐದು ಕಿಲೋ ರಾಗಿ ಹಿಟ್ಟಿನ ಚೀಲವನ್ನು ಎದೆಗೆ ಅವುಚಿಕೊಂಡು ಬಸ್ಕಿ ಹೊಡೆಯತೊಡಗಿದೆ. ಬಸ್ಕಿಯಿಂದ ಮಂಡಿ ಸವೆಯುತ್ತದೆ ಎಂಬ ಭಯ ನನಗೂ ಇತ್ತು, ಆದರೆ ತೊಡೆ ಬಲಿತಂತೆ ಇಳಿಜಾರಿನಲ್ಲಿ ಮಂಡಿ ಅಲುಗುವುದು ನಿಂತಿತು.

ಈಗ ನಾನು ಬರೆದಿಡುವ ಅಳತೆಗಳು ಮೂರು: ಹತ್ತುವಾಗ ಎಷ್ಟು ಕಡೆ ನಿಂತೆ, ಎಷ್ಟು ಭಾರ ಹಿಡಿದು ಎಷ್ಟು ಬಸ್ಕಿ ಮಾಡಿದೆ, ಸೊಂಟದ ಸುತ್ತಳತೆ ಎಷ್ಟು. ಹದಿನಾಲ್ಕು ತಿಂಗಳಲ್ಲಿ ಸುತ್ತಳತೆ 92ಕ್ಕೆ ಬಂದಿದೆ, ಸಕ್ಕರೆಯ ಸರಾಸರಿ 5.8ಕ್ಕೆ. ಹೋದ ಅವರೆಕಾಯಿ ಕಾಲದಲ್ಲಿ ಅಮ್ಮ ಚಾಪೆಯ ಮೇಲೆ ಕುಳಿತು ಒಂದು ಮೊರದಷ್ಟು ಕಾಳನ್ನು ಹಿತುಕಿ, ಒಂದು ಕೈಯನ್ನು ಗೋಡೆಗೆ ಆನಿಸಿ, ಯಾರನ್ನೂ ಕೂಗದೆ ಎದ್ದು ಅಡುಗೆಮನೆಗೆ ಹೋದರು.