ಬೇಟೆ ಮಾಂಸ: ಮಸಾಲೆಗಿಂತ ಮೊದಲು ಚಾಕು

ಪರವಾನಗಿ ಪಡೆದು ಬೇಟೆಯಾಡುವ ಗೆಳೆಯರೊಬ್ಬರು ಜಿಂಕೆಯ ತೊಡೆಯನ್ನೋ ಕಾಡುಹಂದಿಯ ಪಕ್ಕೆಯನ್ನೋ ಕಟ್ಟಿಕೊಟ್ಟರು ಎನ್ನಿ. ಹೆಚ್ಚಿನವರು ಮಾಡುವುದೇನು? ಕುರಿ ಮಾಂಸದ ಹಾಗೇ ತುಂಡರಿಸಿ, ಇದ್ದಬದ್ದ ಮಸಾಲೆ ಸುರಿದು ಕುಕ್ಕರಿಗೆ ಹಾಕುತ್ತಾರೆ. ಮುಚ್ಚಳ ತೆಗೆದರೆ ಒಂದು ತುಂಡು ನಾರು ನಾರು, ಇನ್ನೊಂದು ರಬ್ಬರು, ಜೊತೆಗೆ ಮೂಗಿಗೆ ಬಡಿಯುವ ಕವುಚು ವಾಸನೆ. ‘ಕಾಡು ಮಾಂಸವೇ ಹಾಗೆ’ ಎಂದು ತೀರ್ಪು ಕೊಟ್ಟು ಕೈತೊಳೆಯುತ್ತಾರೆ. ಮಾಂಸದ್ದೇನೂ ತಪ್ಪಿರುವುದಿಲ್ಲ. ಓಡಾಡಿ ಬೆಳೆದ ಪ್ರಾಣಿಯ ಸ್ನಾಯುವಿನ ನಡುವೆ ಕೊಬ್ಬು ಇರುವುದೇ ಇಲ್ಲ ಎನ್ನುವಷ್ಟು ಕಡಿಮೆ. ಸಾಕಿದ ಪ್ರಾಣಿಯ ಮಾಂಸದಲ್ಲಿ ನಮ್ಮ ತಪ್ಪನ್ನು ಮುಚ್ಚಿಹಾಕುವುದು ಆ ಕೊಬ್ಬೇ.

ಬೇಟೆಗೆ ಕಾನೂನಿನ ಒಪ್ಪಿಗೆ ಇಲ್ಲದ ಕಡೆ, ರಕ್ಷಿತ ಪ್ರಾಣಿಯ ವಿಷಯದಲ್ಲಿ ಈ ಲೇಖನಕ್ಕೆ ಕೆಲಸವಿಲ್ಲ. ಅದು ಅಡುಗೆಯಲ್ಲ, ಅಪರಾಧ.

ಮೊದಲು ಕೇಳಿ, ಆಮೇಲೆ ತೆಗೆದುಕೊಳ್ಳಿ

ಕೊಟ್ಟವರನ್ನು ನಾಲ್ಕು ಮಾತು ಕೇಳಲು ಸಂಕೋಚ ಬೇಡ. ಪ್ರಾಣಿ ಎಳೆಯದೋ ಬಲಿತದ್ದೋ? ಹೊಡೆದ ಎಷ್ಟು ಹೊತ್ತಿಗೆ ಕರುಳು ತೆಗೆದು ತಣ್ಣಗೆ ಮಾಡಿದರು? ಗುಂಡು ಎಲ್ಲಿಗೆ ತಗುಲಿತು, ಅದು ಸೀಸದ್ದೇ? ಗುಂಡು ಹೊಟ್ಟೆಗೆ ಬಿದ್ದು ಕರುಳು ಒಡೆದಿದ್ದರೆ, ಆ ಸುತ್ತಿನ ಮಾಂಸವನ್ನು ಮುಟ್ಟಲೇಬೇಡಿ.

ಜಿಂಕೆ ಜಾತಿಯದ್ದಾದರೆ ಇನ್ನೊಂದು ಪ್ರಶ್ನೆ ಇದೆ. 1967ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಮೊದಲು ಗಮನಕ್ಕೆ ಬಂದ, ಜಿಂಕೆಗಳ ಮಿದುಳನ್ನು ಹಾಳುಮಾಡಿ ಸೊರಗಿಸಿ ಕೊಲ್ಲುವ ‘ಕ್ರಾನಿಕ್ ವೇಸ್ಟಿಂಗ್ ಡಿಸೀಸ್’ ಎಂಬ ರೋಗವೊಂದಿದೆ. ಅದಕ್ಕೆ ಕಾರಣ ಪ್ರಿಯಾನ್ ಎಂಬ ವಿಕೃತ ಪ್ರೋಟೀನು. ಎಷ್ಟು ಕುದಿಸಿದರೂ ಅದು ನಾಶವಾಗುವುದಿಲ್ಲ. ಮನುಷ್ಯರಿಗೆ ಹರಡಿದ್ದು ಈವರೆಗೆ ಖಚಿತವಾಗಿಲ್ಲ, ಆದರೂ ಆ ರೋಗ ಇರುವ ಪ್ರದೇಶದ ಜಿಂಕೆಯನ್ನು ಪರೀಕ್ಷೆ ಮಾಡಿಸಿಯೇ ತಿನ್ನಬೇಕು. ಮಿದುಳು, ಬೆನ್ನುಹುರಿ, ಕಣ್ಣು, ಗುಲ್ಮ ಇವೆಲ್ಲ ಯಾವತ್ತೂ ಬೇಡ.

ಕರಗಿಸುವುದು

ಹೆಪ್ಪುಗಟ್ಟಿದ ಮಾಂಸವನ್ನು ಫ್ರಿಜ್‌ನ ಕೆಳಗಿನ ಅಂಕಣದಲ್ಲಿ, 4 ಡಿಗ್ರಿ ಸೆಲ್ಸಿಯಸ್ ಒಳಗೆ ಇಟ್ಟು ಕರಗಿಸಿ. ಎರಡು ಕಿಲೋ ತುಂಡಿಗೆ ಸುಮಾರು ಒಂದು ದಿನ ಬೇಕು. ಕಟ್ಟೆಯ ಮೇಲೆ ಬಿಟ್ಟರೆ ಒಳಗೆ ಇನ್ನೂ ಮಂಜುಗಡ್ಡೆ ಇರುವಾಗಲೇ ಹೊರಗೆ ಬ್ಯಾಕ್ಟೀರಿಯಾ ಬೆಳೆಯುತ್ತಿರುತ್ತವೆ.

ಚಾಕುವಿನ ಕೆಲಸ

ಇಲ್ಲಿ ಅರ್ಧ ಗಂಟೆ ಹೋದರೂ ಹೋಗಲಿ. ಮೊದಲಿಗೆ ಗುಂಡು ಹೊಕ್ಕ ಜಾಗ. ಸೀಸದ ಗುಂಡು ಮೂಳೆಗೆ ಬಡಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳಾಗಿ ದೂರದವರೆಗೆ ಸಿಡಿಯುತ್ತದೆ. ರಕ್ತಗಟ್ಟಿ ಕಪ್ಪಾದ ಭಾಗವನ್ನಷ್ಟೇ ಅಲ್ಲ, ಅದರ ಸುತ್ತ ಧಾರಾಳವಾಗಿ ಕತ್ತರಿಸಿ ಎಸೆಯಿರಿ. ತೊಳೆದರೆ ಹೋಗುತ್ತದೆ ಎಂದುಕೊಳ್ಳಬೇಡಿ, ನೀರು ಆ ಚೂರುಗಳನ್ನು ಬೇರೆ ಕಡೆಗೆ ಹರಡುತ್ತದೆ. 2008ರಲ್ಲಿ ಅಮೆರಿಕದ ನಾರ್ತ್ ಡಕೋಟಾದಲ್ಲಿ ಬಡವರಿಗೆ ಹಂಚಲು ದಾನವಾಗಿ ಬಂದಿದ್ದ ಜಿಂಕೆ ಖೀಮಾದಲ್ಲಿ ಸೀಸ ಸಿಕ್ಕಿ, ಉಳಿದದ್ದನ್ನು ಎಸೆದುಬಿಡಿ ಎಂದು ಆರೋಗ್ಯ ಇಲಾಖೆಯೇ ಹೇಳಬೇಕಾಯಿತು. ಖೀಮಾದಲ್ಲಿ ಎಲ್ಲ ತುಂಡೂ ಒಂದರೊಳಗೊಂದು ಬೆರೆಯುವುದರಿಂದ ಅಪಾಯ ಹೆಚ್ಚು. ಚಿಕ್ಕ ಮಕ್ಕಳಿಗೆ, ಗರ್ಭಿಣಿಯರಿಗೆ ಸೀಸದ ಗುಂಡಿನಿಂದ ಹೊಡೆದ ಮಾಂಸ ಬೇಡವೇ ಬೇಡ.

ಆಮೇಲೆ ಕೊಬ್ಬು. ಕೊಬ್ಬೇ ಇಲ್ಲ ಎಂದು ಹೇಳಿ ಈಗ ಅದನ್ನು ತೆಗೆಯಿರಿ ಎನ್ನುವುದು ವಿಚಿತ್ರ ಅನ್ನಿಸಬಹುದು. ಜಿಂಕೆಗೆ ಸ್ನಾಯುವಿನ ಒಳಗೆ ಕೊಬ್ಬಿಲ್ಲ, ಹೊರಗೆ ಇದೆ. ಅದು ಮೇಣದಂಥದ್ದು. ಬೇಗ ಗಟ್ಟಿಯಾಗಿ ಅಂಗುಳಕ್ಕೆ ಅಂಟಿಕೊಳ್ಳುತ್ತದೆ, ‘ಕಾಡು ವಾಸನೆ’ಯ ದೊಡ್ಡ ಪಾಲು ಅದರಲ್ಲೇ ಇರುತ್ತದೆ. ಕಂಡಷ್ಟನ್ನೂ ಹೆರೆದು, ಅಡುಗೆಗೆ ನಿಮ್ಮ ಎಣ್ಣೆ, ಬೆಣ್ಣೆಯನ್ನೇ ಬಳಸಿ. ಸ್ನಾಯುವಿನ ಮೇಲೆ ಬೆಳ್ಳಿಯ ಹಾಗೆ ಹೊಳೆಯುವ ಪೊರೆಯೂ ಹೋಗಬೇಕು. ಅದು ಬೇಯಿಸಿದರೆ ಕರಗುವ ಜಾತಿಯದ್ದಲ್ಲ, ಬಿಸಿ ತಗುಲಿದರೆ ಬಿಗಿದು ತುಂಡನ್ನೇ ಸುರುಟಿಸುತ್ತದೆ. ಚಾಕುವಿನ ತುದಿಯನ್ನು ಪೊರೆಯ ಅಡಿಗೆ ತೂರಿಸಿ, ಅಲಗನ್ನು ಸ್ವಲ್ಪ ಮೇಲ್ಮುಖವಾಗಿ ಹಿಡಿದು ಜಾರಿಸಿದರೆ ಪಟ್ಟಿ ಪಟ್ಟಿಯಾಗಿ ಬರುತ್ತದೆ.

ಮೊಲವಾದರೆ ಕೈಗವಸು ಹಾಕಿಕೊಳ್ಳಿ. ಕಾಡು ಮೊಲದಿಂದ ಟುಲರೀಮಿಯಾ ಎಂಬ ಜ್ವರ ಕೈಯ ಮೇಲಿನ ಸಣ್ಣ ಗಾಯದ ಮೂಲಕವೇ ದೇಹ ಸೇರಬಲ್ಲದು.

ಇಷ್ಟು ಮಾಡಿಯೂ ವಾಸನೆ ತೀಕ್ಷ್ಣ ಅನ್ನಿಸಿದರೆ, ಒಂದು ರಾತ್ರಿ ಉಪ್ಪುನೀರಿನಲ್ಲೋ ಮಜ್ಜಿಗೆಯಲ್ಲೋ ಮುಳುಗಿಸಿ ಫ್ರಿಜ್‌ನಲ್ಲಿಡಿ. ರಕ್ತ ಬಿಟ್ಟುಕೊಂಡು ರುಚಿ ಮೆತ್ತಗಾಗುತ್ತದೆ. ಕೊಳೆತ ವಾಸನೆಗೆ ಮಾತ್ರ ಇದು ಮದ್ದಲ್ಲ. ಹುಳಿಯಲ್ಲಿ ದಿನಗಟ್ಟಲೆ ನೆನೆಸುವುದು ನನಗೆ ಸೇರದು. ಮೇಲ್ಪದರ ಹಿಟ್ಟಿನಂತಾಗುತ್ತದೆ, ಒಳಗೆ ಸೀಸದ ಚೂರು ಉಳಿದಿದ್ದರೆ ಹುಳಿ ಅದನ್ನು ಇನ್ನಷ್ಟು ಕರಗಿಸುತ್ತದೆ.

ಯಾವ ತುಂಡಿಗೆ ಯಾವ ಉರಿ

ಪ್ರಾಣಿ ಯಾವ ಸ್ನಾಯುವನ್ನು ಎಷ್ಟು ದುಡಿಸಿದೆ ಎನ್ನುವುದೇ ಲೆಕ್ಕ. ಬೆನ್ನುಮೂಳೆಯ ಎರಡೂ ಬದಿಗೆ ಉದ್ದಕ್ಕೆ ಇರುವ ತುಂಡು ಕಡಿಮೆ ದುಡಿದದ್ದು, ಮೆತ್ತಗಿನದು. ಅದಕ್ಕೆ ಚೆನ್ನಾಗಿ ಕಾದ ದಪ್ಪ ತಳದ ಬಾಣಲೆ, ಜೋರು ಉರಿ, ಸ್ವಲ್ಪ ಹೊತ್ತು. ಮೇಲ್ಮೈಯ ನೀರನ್ನು ಬಟ್ಟೆಯಿಂದ ಒತ್ತಿ ತೆಗೆಯದಿದ್ದರೆ ಕೆಂಪಗಾಗುವ ಬದಲು ತನ್ನದೇ ನೀರಿನಲ್ಲಿ ಬೇಯುತ್ತದೆ. ಇಳಿಸಿದ ಮೇಲೆ ಐದು ನಿಮಿಷ ಬಿಟ್ಟು, ಎಳೆಗೆ ಅಡ್ಡಲಾಗಿ ತೆಳ್ಳಗೆ ಕೊಯ್ಯಿರಿ.

ಭುಜ, ಕತ್ತು, ಮೊಣಕಾಲಿನ ಭಾಗ ಜೀವನಪೂರ್ತಿ ದುಡಿದವು. ಅವುಗಳ ತುಂಬ ಕೊಲಾಜನ್ ಎಂಬ ಗಟ್ಟಿ ನಾರಿನಂಥ ಪ್ರೋಟೀನು. ಅದು ಕರಗಿ ಮೆತ್ತಗಿನ ಜಿಲೆಟಿನ್ ಆಗಲು ಶಾಖಕ್ಕಿಂತ ಸಮಯ ಮುಖ್ಯ. ತುಂಡುಗಳನ್ನು ಮೊದಲು ಎಣ್ಣೆಯಲ್ಲಿ ಕೆಂಪಗೆ ಹುರಿದು, ಈರುಳ್ಳಿ, ಬೆಳ್ಳುಳ್ಳಿ, ಕಾಳುಮೆಣಸು ಹಾಕಿ, ಮುಳುಗುವಷ್ಟು ನೀರು ಬಿಟ್ಟು ಮುಚ್ಚಳ ಮುಚ್ಚಿ ಮಂದ ಉರಿಯಲ್ಲಿಡಿ. ನೀರು ಕೊತಕೊತ ಕುದಿಯಬಾರದು, ಅಲ್ಲೊಂದು ಇಲ್ಲೊಂದು ಗುಳ್ಳೆ ಎದ್ದರೆ ಸಾಕು. ಎರಡೂವರೆ, ಮೂರು ಗಂಟೆ ಬೇಕು. ಒಂದು ಗಂಟೆಗೆ ಮುಟ್ಟಿ ನೋಡಿದರೆ ಮೊದಲಿಗಿಂತ ಗಟ್ಟಿಯಾಗಿರುತ್ತದೆ. ಬಹಳ ಜನ ಗಾಬರಿಯಾಗಿ ಉರಿ ಏರಿಸುವುದು ಅಲ್ಲೇ. ಸುಮ್ಮನಿರಿ.

ಖೀಮಾಕ್ಕೆ ಬೇರೆ ಪ್ರಾಣಿಯ ಕೊಬ್ಬನ್ನು ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು ಬೆರೆಸದಿದ್ದರೆ ಉಂಡೆ ಕಟ್ಟುವುದಿಲ್ಲ, ಪುಡಿಪುಡಿಯಾಗುತ್ತದೆ.

ಬಣ್ಣ ನಂಬಬೇಡಿ

ಮಾಂಸ ಅಳೆಯುವ ಥರ್ಮಾಮೀಟರ್ ಒಂದನ್ನು ಕೊಂಡಿಟ್ಟುಕೊಳ್ಳಿ. ಬೇಟೆ ಮಾಂಸದಲ್ಲಿ ಕೆಂಪು ಬಣ್ಣ ಕೊಡುವ ಮಯೋಗ್ಲೋಬಿನ್ ಎಂಬ ಪ್ರೋಟೀನು ಹೆಚ್ಚು, ಹಾಗಾಗಿ ಮೊದಲೇ ಕಡುಗೆಂಪು. ಬೆಂದಿದೆಯೋ ಇಲ್ಲವೋ ಕಣ್ಣಿಗೆ ತಿಳಿಯುವುದಿಲ್ಲ. 2022ರ ಬೇಸಿಗೆಯಲ್ಲಿ ಅಮೆರಿಕದ ಸೌತ್ ಡಕೋಟಾದಲ್ಲಿ ಒಂದು ಕುಟುಂಬದವರೆಲ್ಲ ಸೇರಿ ಕರಡಿ ಮಾಂಸ ಸುಟ್ಟರು. ಕಪ್ಪು ಬಣ್ಣ ನೋಡಿ ಬೆಂದಿದೆ ಎಂದುಕೊಂಡರು, ತಿನ್ನತೊಡಗಿದ ಮೇಲೆ ಹಸಿ ಎಂದು ಗೊತ್ತಾಯಿತು. ಟ್ರೈಕಿನೆಲ್ಲಾ ಎಂಬ ಹುಳು ಆರು ಜನರ ದೇಹ ಸೇರಿತು. ಅವರಲ್ಲಿ ಇಬ್ಬರು ಮಾಂಸವನ್ನೇ ತಿಂದಿರಲಿಲ್ಲ, ಅದರ ಜೊತೆ ಬೆಂದ ತರಕಾರಿ ತಿಂದಿದ್ದರು, ಅಷ್ಟೇ. ಆ ಮಾಂಸ 45 ದಿನ ಫ್ರೀಜರಿನಲ್ಲಿತ್ತು! ಸಾಕಿದ ಹಂದಿಯಲ್ಲಿ ಸಿಗುವ ಹುಳು ಚಳಿಗೆ ಸಾಯುತ್ತದೆ, ಶೀತ ಪ್ರದೇಶದ ಕಾಡುಪ್ರಾಣಿಗಳಲ್ಲಿರುವ ಅದರ ಕೆಲವು ಬಂಧುಗಳು ಸಾಯುವುದಿಲ್ಲ. ಉಪ್ಪು ಹಚ್ಚುವುದು, ಒಣಗಿಸುವುದು, ಹೊಗೆ ಕೊಡುವುದನ್ನೂ ನಂಬುವಂತಿಲ್ಲ.

ಆದ್ದರಿಂದ ಕರಡಿ, ಕಾಡುಹಂದಿ, ಎಲ್ಲ ಹಕ್ಕಿಗಳೂ ನಟ್ಟನಡುವೆ 74 ಡಿಗ್ರಿ ಮುಟ್ಟಲಿ. ಥರ್ಮಾಮೀಟರಿನ ಮೊನೆ ದಪ್ಪ ಭಾಗದಲ್ಲಿರಬೇಕು, ಮೂಳೆಗೆ ತಾಗಬಾರದು. ಜಿಂಕೆ ಮತ್ತು ಮೊಲಕ್ಕೆ ಅಮೆರಿಕ ಸರ್ಕಾರದ ಪಟ್ಟಿ ಹೇಳುವುದು 71. ಜಿಂಕೆಯ ಬೆನ್ನಿನ ತುಂಡನ್ನು 55ರ ಆಸುಪಾಸಿನಲ್ಲೇ ಇಳಿಸುವ ಬಾಣಸಿಗರು ಬೇಕಾದಷ್ಟಿದ್ದಾರೆ, ರುಚಿಯ ವಿಷಯದಲ್ಲಿ ಅವರ ಮಾತು ಸುಳ್ಳಲ್ಲ. ಆದರೆ ಅದು ತಿನ್ನುವವರು ತಿಳಿದೇ ಒಪ್ಪಿಕೊಳ್ಳಬೇಕಾದ ಅಪಾಯ. ಮಕ್ಕಳು, ವಯಸ್ಸಾದವರು, ಗರ್ಭಿಣಿಯರು ಪಂಕ್ತಿಯಲ್ಲಿದ್ದರೆ 71ಕ್ಕೆ ಏರಿಸಿ, ಒಣಗಿದ್ದನ್ನು ಬೆಣ್ಣೆ, ಗಟ್ಟಿ ಸಾರಿನಿಂದ ಸರಿಮಾಡಿ. ಹಸಿ ಮಾಂಸ ಮುಟ್ಟಿದ ಹಲಗೆ, ಚಾಕುವಿನಲ್ಲಿ ತರಕಾರಿ ಹೆಚ್ಚಬೇಡಿ.

ಬಡಿಸುವಾಗ

ತಟ್ಟೆಯನ್ನು ಬೆಚ್ಚಗೆ ಮಾಡಿಕೊಳ್ಳಿ, ಕೆರೆದ ಮೇಲೂ ಉಳಿದ ಕೊಬ್ಬು ತಣ್ಣನೆಯ ತಟ್ಟೆಯಲ್ಲಿ ಗಟ್ಟಿಯಾಗುತ್ತದೆ. ಮಿಕ್ಕಿದ್ದು ಎರಡು ಗಂಟೆಯೊಳಗೆ ಫ್ರಿಜ್ ಸೇರಲಿ. ಕೋವಿಯಿಂದ ಹೊಡೆದ ಬಾತು, ಕಾಡುಕೋಳಿ, ಮೊಲದಲ್ಲಿ ನೀವು ಬೆರಳಾಡಿಸಿ ಎಷ್ಟು ಹುಡುಕಿದರೂ ಒಂದೆರಡು ಚರೆ (ಕೋವಿಯ ಸಣ್ಣ ಗುಂಡು) ತಪ್ಪಿಸಿಕೊಂಡಿರುತ್ತವೆ. ಊಟಕ್ಕೆ ಕೂತವರಿಗೆಲ್ಲ ಮೊದಲೇ ಹೇಳಿಬಿಡಿ, ಮೆಲ್ಲಗೆ ಅಗಿಯಲಿ. ಹಲ್ಲು ಮುರಿದ ಮೇಲೆ ಹೇಳಿದರೆ ಅಡುಗೆ ಎಷ್ಟೇ ಚೆನ್ನಾಗಿದ್ದರೂ ಅವರಿಗೆ ನೆನಪಿರುವುದು ಹಲ್ಲೇ.